ಕಲ್ಲುಹೂವಿಗೆ ಹೆಸರಿಟ್ಟ ವೈದ್ಯ



ಮಲೆನಾಡಿನ ಅಡಿಕೆ ತೋಟದಲ್ಲಿ ಓಡಾಡಿದವರೆಲ್ಲ ಇದನ್ನು ನೋಡಿರುತ್ತೀರಿ. ಅಡಿಕೆ ಮರದ ಕಾಂಡದ ಮೇಲೆ ಬಿಳಿಯ ಪಟ್ಟೆಗಳು, ಬೂದು ಬಣ್ಣದ ಮಚ್ಚೆಗಳು, ನಡುನಡುವೆ ತೆಳು ಹಸಿರು. ಯಾರೋ ಸುಣ್ಣ ಎರಚಿದ್ದಾರೆ ಎಂದುಕೊಳ್ಳುವವರೂ ಉಂಟು. ಅದು ಸುಣ್ಣವಲ್ಲ. ಮರಕ್ಕೆ ತಗುಲಿದ ರೋಗವೂ ಅಲ್ಲ. ಅದೊಂದು ಜೀವಿ. ಹಳೆಯ ದೇವಸ್ಥಾನದ ಕಲ್ಲುಗೋಡೆಯ ಮೇಲೆ ಅದಿದೆ. ಬಯಲುಸೀಮೆಯ ಬಂಡೆಗಳ ಮೇಲೂ ಇದೆ. ಅಷ್ಟೇಕೆ, ನಿಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲೂ ಇರಬಹುದು. ಗ್ರಂಧಿಗೆ ಅಂಗಡಿಯಲ್ಲಿ ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆಗೆ ಕೊಳ್ಳುವ ಕಲ್ಲುಹೂವು ಇದೇ ಬಳಗದ್ದು. ವಿಜ್ಞಾನಿಗಳು ಇಡೀ ಬಳಗವನ್ನು ಲೈಕೆನ್ ಎನ್ನುತ್ತಾರೆ. ಈ ಭಾಷಣದಲ್ಲಿ ನಾನು ಎರಡೂ ಹೆಸರನ್ನು ಬಳಸುತ್ತೇನೆ.

ಜಗತ್ತಿನಲ್ಲಿ ಸುಮಾರು 20,000 ಬಗೆಯ ಕಲ್ಲುಹೂವುಗಳನ್ನು ಗುರುತಿಸಿದ್ದಾರೆ. ಭಾರತದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಬಗೆಗಳಿವೆ. ಪ್ರತಿಯೊಂದಕ್ಕೂ ಹೆಸರಿದೆ, ಕುಲವಿದೆ, ಕುಟುಂಬವಿದೆ. ಹೀಗೆ ಹೆಸರಿಡುವ, ವಿಂಗಡಿಸುವ ಕೆಲಸಕ್ಕೆ ಗಟ್ಟಿ ಅಡಿಪಾಯ ಹಾಕಿದವರು ಸ್ವೀಡನ್ ದೇಶದ ಒಬ್ಬ ವೈದ್ಯರು. ಹೆಸರು ಎರಿಕ್ ಅಕಾರಿಯಸ್. ಹುಟ್ಟಿದ್ದು 1757ರಲ್ಲಿ, ತೀರಿಕೊಂಡದ್ದು 1819ರಲ್ಲಿ. ಲೈಕೆನ್ ಶಾಸ್ತ್ರದ ಪಿತಾಮಹ ಎಂದು ಇಂದಿಗೂ ಅವರನ್ನು ಗೌರವಿಸುತ್ತಾರೆ. ಇಂದು ನಿಮಗೆ ಹೇಳಬೇಕೆಂದಿರುವುದು ಅವರ ಕೆಲಸದ ಕಥೆಯನ್ನು.

ಅವರಿಗಿಂತ ಮೊದಲು ಏನಿತ್ತು ಎಂಬುದನ್ನು ತಿಳಿದರೆ ಅವರ ಕೆಲಸದ ತೂಕ ತಿಳಿಯುತ್ತದೆ. ಅಲ್ಲಿಂದ ಶುರು ಮಾಡೋಣ.

ಗಿಡಮರಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವರು ಕಾರ್ಲ್ ಲಿನೇಯಸ್. ಅವರೂ ಸ್ವೀಡನ್ನಿನವರೇ. 1753ರಲ್ಲಿ ಅವರ ದೊಡ್ಡ ಗ್ರಂಥ 'ಸ್ಪೀಸೀಸ್ ಪ್ಲಾಂಟೇರಂ' ಹೊರಬಂತು. ಆಗ ಗೊತ್ತಿದ್ದ ಸಾವಿರಾರು ಸಸ್ಯಗಳಿಗೆ ಅದರಲ್ಲಿ ಹೆಸರಿದೆ. ಕಲ್ಲುಹೂವುಗಳಿಗೂ ಜಾಗ ಸಿಕ್ಕಿತು. ಆದರೆ ಸಿಕ್ಕಿದ್ದು ಸುಮಾರು 80 ಬಗೆಗಳಿಗೆ ಮಾತ್ರ. ಆ 80ನ್ನೂ ಲಿನೇಯಸ್ ಒಂದೇ ಕುಲದಲ್ಲಿ ಸೇರಿಸಿಬಿಟ್ಟರು. ಆ ಕುಲದ ಹೆಸರೂ ಲೈಕೆನ್ ಎಂದೇ. ಬಂಡೆಗೆ ಬಣ್ಣ ಬಳಿದಂತೆ ಅಂಟಿಕೊಂಡಿರುವುದೂ ಲೈಕೆನ್. ಮರದ ಕೊಂಬೆಯಿಂದ ಗಡ್ಡದ ಹಾಗೆ ಜೋತಾಡುವುದೂ ಲೈಕೆನ್. ಎಲೆಯಂತೆ ಹರಡಿಕೊಂಡಿರುವುದೂ ಲೈಕೆನ್. ಊರಿನ ಎಲ್ಲರಿಗೂ ಒಂದೇ ಮನೆತನದ ಹೆಸರಿಟ್ಟ ಹಾಗಾಯಿತು. ಅದೂ ಸಾಲದೆಂದು ಇಡೀ ಬಳಗವನ್ನು ಪಾಚಿಗಳ ವರ್ಗಕ್ಕೆ ತಳ್ಳಿದರು.

ಲಿನೇಯಸ್ ಈ ಜೀವಿಗಳನ್ನು ಕಾಣದವರೇನಲ್ಲ. 1732ರಲ್ಲಿ ಅವರು ಉತ್ತರದ ಲ್ಯಾಪ್‌ಲ್ಯಾಂಡ್ ಪ್ರದೇಶವನ್ನು ಸುತ್ತಿದ್ದರು. ಅಲ್ಲಿ ಹಿಮಸಾರಂಗಗಳಿಗೆ ಚಳಿಗಾಲದ ಮೇವು ಈ ಕಲ್ಲುಹೂವೇ ಎಂದು ಕಂಡಿದ್ದರು. ಆದರೂ ಸಸ್ಯಲೋಕದಲ್ಲಿ ಇವು ಕಡುಬಡವರು ಎಂಬುದು ಅವರ ಎಣಿಕೆ. ಹೂವಿನ ಕೇಸರ ಎಣಿಸಿ ಸಸ್ಯಗಳನ್ನು ವಿಂಗಡಿಸಿದ ಮಹಾನುಭಾವರು ಅವರು. ಹೂವೇ ಇಲ್ಲದ ಜೀವಿಯ ಮುಂದೆ ಆ ಲೆಕ್ಕ ನಡೆಯಲಿಲ್ಲ. ಇಟಲಿಯ ಮಿಕೇಲಿ 1729ರಲ್ಲೇ ಕಲ್ಲುಹೂವುಗಳನ್ನು ಗುಂಪು ಮಾಡಿ ನೋಡಿದ್ದರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡಿಲ್ಲೇನಿಯಸ್ 1741ರಲ್ಲಿ ಚೆಂದದ ಚಿತ್ರ ಬರೆದು ಪ್ರಕಟಿಸಿದ್ದರು. ಆದರೂ ಇವುಗಳಿಗೆಂದೇ ಒಂದು ಶಾಸ್ತ್ರ ಹುಟ್ಟಿರಲಿಲ್ಲ.

80 ಬಗೆ, ಒಂದೇ ಕುಲ, ಪಾಚಿಯ ವರ್ಗ. ಪರಿಸ್ಥಿತಿ ಇಷ್ಟೇ ಇತ್ತು. ಈ ಹೊತ್ತಿಗೆ ಅಕಾರಿಯಸ್ ಬಂದರು.

ಅವರು ಹುಟ್ಟಿದ್ದು ಯೆವ್ಲೆ ಎಂಬ ಬಂದರು ಪಟ್ಟಣದಲ್ಲಿ. ತಂದೆ ಸುಂಕದ ಇಲಾಖೆಯ ಅಧಿಕಾರಿ. 1773ರಲ್ಲಿ ಹುಡುಗ ಉಪ್ಸಾಲ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಗುರುವಾಗಿ ಸಿಕ್ಕವರು ಸಾಕ್ಷಾತ್ ಲಿನೇಯಸ್. ಗುರುವಿಗೂ ಶಿಷ್ಯನಿಗೂ ವಯಸ್ಸಿನಲ್ಲಿ ಐವತ್ತು ವರ್ಷದ ಅಂತರ. ಲಿನೇಯಸ್ಸರ ಆರೋಗ್ಯ ಆಗಲೇ ಕುಸಿದಿತ್ತು. 1776ರಲ್ಲಿ ಅಕಾರಿಯಸ್ ಅವರ ಎದುರು ತಮ್ಮ ಪ್ರಬಂಧವನ್ನು ಸಮರ್ಥಿಸಿದರು. ಲಿನೇಯಸ್ಸರ ಅಧ್ಯಕ್ಷತೆಯಲ್ಲಿ ಪ್ರಬಂಧ ಸಮರ್ಥಿಸಿದ ಕೊನೆಯ ಶಿಷ್ಯ ಅವರೇ. ಗುರು 1778ರ ಜನವರಿಯಲ್ಲಿ ತೀರಿಕೊಂಡರು.

ಆ ಪ್ರಬಂಧದ ವಿಷಯ ಸ್ವಾರಸ್ಯವಾಗಿದೆ. ದಕ್ಷಿಣ ಆಫ್ರಿಕಾದಲ್ಲಿ ಒಂದು ವಿಚಿತ್ರ ಸಸ್ಯವಿದೆ. ಅದಕ್ಕೆ ಎಲೆಯಿಲ್ಲ. ಮೈಯಲ್ಲಿ ಹಸಿರಿನ ಸುಳಿವೇ ಇಲ್ಲ. ಬೇರೊಂದು ಗಿಡದ ಬೇರಿಗೆ ಅಂಟಿಕೊಂಡು ನೆಲದೊಳಗೇ ಬದುಕುತ್ತದೆ. ಹೂವು ಮಾತ್ರ ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ಅದನ್ನು ಕಂಡು ಯೂರೋಪಿಗೆ ತಿಳಿಸಿದವರು ಥೂನ್‌ಬರ್ಗ್ ಎಂಬ ಇನ್ನೊಬ್ಬ ಲಿನೇಯಸ್ ಶಿಷ್ಯ. ಅವರು ಅದನ್ನು ಅಣಬೆಯ ಜಾತಿ ಎಂದು ಬಗೆದಿದ್ದರು. ಅಣಬೆಯಲ್ಲ, ಹೂ ಬಿಡುವ ಸಸ್ಯವೇ ಎಂದು ಈ ಪ್ರಬಂಧ ಸಾಧಿಸಿತು. ಆ ಕಾಲದಲ್ಲಿ ಪ್ರಬಂಧದ ವಿಚಾರ ಬಹುಮಟ್ಟಿಗೆ ಗುರುವಿನದೇ. ಸಭೆಯಲ್ಲಿ ನಿಂತು ವಾದಿಸುವ ಹೊಣೆ ಶಿಷ್ಯನದು. ಆದರೂ ಹತ್ತೊಂಬತ್ತರ ಹರೆಯದಲ್ಲಿ ಒಂದು ಪಾಠ ಕಿವಿಗೆ ಬಿದ್ದಿರಲೇಬೇಕು. ಮೇಲ್ನೋಟಕ್ಕೆ ಹೇಗೆ ಕಂಡರೂ, ಅಂಗಾಂಗಗಳನ್ನು ನೋಡದೆ ಜೀವಿಯ ಕುಲ ಹೇಳಬಾರದು. ಮುಂದೆ ಅವರು ಕಲ್ಲುಹೂವಿನ ವಿಷಯದಲ್ಲಿ ಮಾಡಿದ್ದೂ ಇದನ್ನೇ. ಥೂನ್‌ಬರ್ಗ್ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತದೆ.

ಉಪ್ಸಾಲದಿಂದ ಅಕಾರಿಯಸ್ ಸ್ಟಾಕ್‌ಹೋಮಿಗೆ ಹೋದರು. ಅಲ್ಲಿನ ವಿಜ್ಞಾನ ಅಕಾಡೆಮಿಯಲ್ಲಿ ಚಿತ್ರಕಾರರಾಗಿ ದುಡಿದರು. ಮಾದರಿಗಳನ್ನು ಎದುರಿಗಿಟ್ಟುಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆಯುವ ಕೆಲಸ. ಕಣ್ಣಿಗೆ ಇದಕ್ಕಿಂತ ಒಳ್ಳೆಯ ಸಾಧನೆ ಇಲ್ಲ. ಆಮೇಲೆ ಲುಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದಿ 1782ರಲ್ಲಿ ಪದವಿ ಪಡೆದರು. 1785ರಲ್ಲಿ ವಾಡ್‌ಸ್ಟೆನಾ ಪಟ್ಟಣದ ವೈದ್ಯರಾದರು.

ವಾಡ್‌ಸ್ಟೆನಾ ಒಂದು ಪುಟ್ಟ ಊರು. ವೆಟರ್ನ್ ಎಂಬ ದೊಡ್ಡ ಸರೋವರದ ದಂಡೆಯಲ್ಲಿದೆ. ಹಳೆಯ ಮಠವೊಂದು, ಹಳೆಯ ಕೋಟೆಯೊಂದು ಅಲ್ಲಿವೆ. ಅಲ್ಲಿ ವಿಶ್ವವಿದ್ಯಾಲಯವಿಲ್ಲ, ದೊಡ್ಡ ಗ್ರಂಥಾಲಯವಿಲ್ಲ. ಅಕಾರಿಯಸ್ ಕೊನೆಯವರೆಗೂ ಅಲ್ಲೇ ಉಳಿದರು. 1789ರಲ್ಲಿ ಜಿಲ್ಲಾ ವೈದ್ಯರಾದರು. ಊರಿಗೊಂದು ಆಸ್ಪತ್ರೆ ಬರಲು ಮುಂದೆ ನಿಂತು ಶ್ರಮಿಸಿದರು. 1795ರಲ್ಲಿ ಅದರ ಮುಖ್ಯಸ್ಥರೂ ಆದರು. ವಿಶ್ವವಿದ್ಯಾಲಯದ ಪೀಠ ಅವರಿಗೆ ಸಿಗಲಿಲ್ಲ. 1803ರಲ್ಲಿ ಪ್ರೊಫೆಸರ್ ಎಂಬ ಗೌರವದ ಹೆಸರು ಮಾತ್ರ ಸಿಕ್ಕಿತು. ಇಡೀ ಒಂದು ಶಾಸ್ತ್ರವನ್ನು ಕಟ್ಟಿದ ಮನುಷ್ಯ ಹಗಲು ಹೊತ್ತು ರೋಗಿಗಳ ನಾಡಿ ನೋಡುತ್ತಿದ್ದ ಊರ ಡಾಕ್ಟರು. ಈ ಸಂಗತಿಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಲಿನೇಯಸ್ಸರ ಶಿಷ್ಯ, ಅಕಾಡೆಮಿಯ ಚಿತ್ರಕಾರ, ಸಣ್ಣ ಊರಿನ ವೈದ್ಯ. ಅಕಾರಿಯಸ್ಸರ ಪರಿಚಯ ಇದು. ಇನ್ನು ಅವರ ಕೆಲಸಕ್ಕೆ ಬರೋಣ. ಆ ಕೆಲಸಕ್ಕೆ ಎರಡು ಮುಖ. ಒಂದು, ಕಲ್ಲುಹೂವಿನ ಅಂಗಗಳಿಗೆ ಹೆಸರಿಟ್ಟದ್ದು. ಇನ್ನೊಂದು, ಕಲ್ಲುಹೂವುಗಳಿಗೇ ಹೆಸರಿಟ್ಟು ಕುಲ ವಿಂಗಡಿಸಿದ್ದು. ಮೊದಲನೆಯದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮನೆಯಲ್ಲಿ ಮಸಾಲೆಯ ಕಲ್ಲುಹೂವು ಇದ್ದರೆ ಒಂದು ಚೂರನ್ನು ಕೈಗೆ ತೆಗೆದುಕೊಳ್ಳಿ. ಇಲ್ಲದಿದ್ದರೆ ನಾನು ಹೇಳುವುದನ್ನು ಕಲ್ಪಿಸಿಕೊಳ್ಳಿ. ಒಣಗಿದ ಚೂರು ಗರಿಗರಿಯಾಗಿ, ಹಗುರವಾಗಿ ಇರುತ್ತದೆ. ಮೇಲ್ಮೈ ಬೂದಿಯ ಬಣ್ಣ. ಮಗುಚಿದರೆ ಕೆಳಮೈ ಕಪ್ಪು. ಅಂಚಿನ ಹತ್ತಿರ ಆ ಕಪ್ಪು ಕಂದಾಗಿ ತಿರುಗುತ್ತದೆ. ಅಂಚು ನೆಟ್ಟಗಿಲ್ಲ. ಗುಂಡಗೆ ಬಾಗಿ ಮೇಲಕ್ಕೆ ಸುರುಟಿಕೊಂಡಿದೆ. ಈಗ ಇದನ್ನು ನೀರಿನಲ್ಲಿ ಅದ್ದಿ. ಕೆಲವೇ ನಿಮಿಷದಲ್ಲಿ ಅದು ಮೆತ್ತಗಾಗುತ್ತದೆ. ಬೂದಿಯ ಬಣ್ಣದ ಹಿಂದಿನಿಂದ ಹಸಿರು ಇಣುಕುತ್ತದೆ. ಭೂತಗನ್ನಡಿ ಇದ್ದರೆ ಅಂಚನ್ನು ನೋಡಿ. ಅಲ್ಲಿ ಹಿಟ್ಟು ಉದುರಿಸಿದಂತೆ ಬೆಳ್ಳನೆಯ ಪುಡಿ ಕಾಣುತ್ತದೆ. ಅದು ದೂಳಲ್ಲ. ಬೆರಳಿಗೆ ಅಂಟುವ ಸಣ್ಣ ಸಣ್ಣ ಕಣಗಳು.

ನೋಡಿ, ಇಷ್ಟನ್ನು ಹೇಳಲು ನಾನು ಎಷ್ಟು ಮಾತು ಆಡಬೇಕಾಯಿತು. ಅಕಾರಿಯಸ್ಸರಿಗೂ ಇದೇ ತೊಡಕು ಎದುರಾಗಿತ್ತು. ಹೂವಿನ ಗಿಡಕ್ಕೆ ಬೇರು, ಕಾಂಡ, ಎಲೆ ಎಂಬ ಮಾತುಗಳಿವೆ. ಕಲ್ಲುಹೂವಿಗೆ ಇದ್ಯಾವುದೂ ಇಲ್ಲ. ಎಲೆ ಎಂದರೆ ಅದು ಎಲೆಯಲ್ಲ. ಕಾಂಡ ಎಂದರೆ ಕಾಂಡವಲ್ಲ. ಆದ್ದರಿಂದ ಅವರು ಹೊಸ ಮಾತುಗಳನ್ನೇ ಸೃಷ್ಟಿಸಿದರು. ಬೇರು, ಕಾಂಡ, ಎಲೆ ಎಂದು ಬೇರ್ಪಡದ ಆ ಇಡೀ ಮೈಯನ್ನು ಥ್ಯಾಲಸ್ ಎಂದರು. ಅಂಚಿನ ಹಿಟ್ಟಿನಂಥ ಕಣಗಳಿಗೆ ಸೊರೀಡಿಯಂ ಎಂಬ ಹೆಸರು ಕೊಟ್ಟರು. ಅನೇಕ ಕಲ್ಲುಹೂವುಗಳ ಮೇಲೆ ಪುಟ್ಟ ದುಂಡು ಬಟ್ಟಲುಗಳು ಕಾಣುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕವೂ ಇವೆ, ಬೆರಳಿನ ಉಗುರಿನಷ್ಟು ಅಗಲದವೂ ಇವೆ. ಬೀಜಾಣುಗಳು ಹುಟ್ಟುವುದು ಅಲ್ಲಿಯೇ. ಆ ಬಟ್ಟಲು ಅಪೊಥೀಸಿಯಂ ಆಯಿತು. ಕೆಲವು ಬಗೆಗಳಲ್ಲಿ ಮೈಯಿಂದ ಒಂದು ದಂಟು ಮೇಲೆದ್ದು ಅದರ ತುದಿಯಲ್ಲಿ ಬಟ್ಟಲು ಕೂರುತ್ತದೆ. ಆ ದಂಟು ಪೊಡೀಶಿಯಂ ಆಯಿತು. ಸ್ಟಿಕ್ಟಾ ಎಂಬ ಕುಲದ ಕಲ್ಲುಹೂವುಗಳು ನಮ್ಮ ಪಶ್ಚಿಮಘಟ್ಟದ ಎತ್ತರದ, ತೇವ ಕಾಡುಗಳಲ್ಲೂ ಇವೆ. ಅವುಗಳ ಕೆಳಮೈಯಲ್ಲಿ ಬಿಳಿಯ ಸಣ್ಣ ಗುಳಿಗಳಿರುತ್ತವೆ. ಆ ಗುಳಿಗೆ ಸೈಫೆಲ್ಲಾ ಎಂದು ಹೆಸರಾಯಿತು.

ಹೆಸರಿಟ್ಟರೆ ಏನಾಯಿತು ಎಂದು ಯಾರಾದರೂ ಕೇಳಬಹುದು. ಬಹಳವೇ ಆಯಿತು. ಆ ಗುಳಿಗೆ ಹೆಸರು ಬಂದ ಮೇಲೆ, ಇದರಲ್ಲಿ ಗುಳಿ ಇದೆ, ಅದರಲ್ಲಿ ಇಲ್ಲ ಎಂದು ಎರಡನ್ನು ಬೇರೆ ಮಾಡಬಹುದು. ಲಂಡನ್ನಿನಲ್ಲಿ ಕುಳಿತವರು ಬರೆದದ್ದನ್ನು ಸ್ವೀಡನ್ನಿನಲ್ಲಿ ಕುಳಿತವರು ತಪ್ಪಿಲ್ಲದೆ ತಿಳಿಯಬಹುದು. ಥ್ಯಾಲಸ್ ಎಂಬ ಮಾತಂತೂ ಕಲ್ಲುಹೂವನ್ನು ದಾಟಿ ಹೋಯಿತು. ಇಂದು ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಪಾಚಿಯ ಪಾಠದಲ್ಲೂ ಥ್ಯಾಲಸ್ ಇದೆ, ಶಿಲೀಂಧ್ರದ ಪಾಠದಲ್ಲೂ ಇದೆ. ವಾಡ್‌ಸ್ಟೆನಾದ ಡಾಕ್ಟರ ಮಾತು ಅದು ಎಂದು ಪುಸ್ತಕದಲ್ಲಿ ಬರೆದಿರುವುದಿಲ್ಲ.

ಕಲ್ಲುಹೂವಿನ ಮೈಗೆ, ಬಟ್ಟಲಿಗೆ, ಪುಡಿಗೆ, ದಂಟಿಗೆ, ಗುಳಿಗೆ ಹೆಸರು ಬಂತು. ಈಗ ಎರಡನೆಯ ಮುಖಕ್ಕೆ ಹೋಗೋಣ. ಈ ಮಾತುಗಳನ್ನು ಹಿಡಿದುಕೊಂಡು ಅವರು ಕುಲಗಳನ್ನು ಹೇಗೆ ವಿಂಗಡಿಸಿದರು?

ಅವರ ಮುಖ್ಯ ಗ್ರಂಥಗಳು ನಾಲ್ಕು. ಎಲ್ಲವೂ ಲ್ಯಾಟಿನ್ ಭಾಷೆಯಲ್ಲಿವೆ. ಮೊದಲನೆಯದು 1798ರಲ್ಲಿ ಬಂತು. ಅದು ಸ್ವೀಡನ್ನಿನ ಕಲ್ಲುಹೂವುಗಳನ್ನು ಕುರಿತದ್ದು. ಅಲ್ಲಿ ಇನ್ನೂ ಗುರುವಿನ ಒಂದೇ ಕುಲ ಉಳಿದಿದೆ. ಆದರೆ ಅದರೊಳಗೆ ಸುಮಾರು 30 ಪಂಗಡಗಳನ್ನು ಮಾಡಿದ್ದಾರೆ. 1803ರಲ್ಲಿ ಎರಡನೆಯ ಗ್ರಂಥ 'ಮೆಥಡಸ್' ಬಂತು. ಇಲ್ಲಿ ಧೈರ್ಯ ಮಾಡಿ ಗುರುವಿನ ಕುಲವನ್ನು ಒಡೆದರು. ಪಾರ್ಮೇಲಿಯಾ, ಲೆಸಿಡಿಯಾ, ಸೆಟ್ರೇರಿಯಾ ಇವೆಲ್ಲ ಕುಲಗಳಾಗಿ ನಿಂತವು. 1810ರಲ್ಲಿ ಮೂರನೆಯ ಗ್ರಂಥ. ಅದರ ಹೆಸರೇ ಜಗತ್ತಿನ ಕಲ್ಲುಹೂವುಗಳ ವಿವರಣೆ ಎಂಬ ಅರ್ಥದ್ದು. ಅದರಲ್ಲಿ ಸುಮಾರು 40 ಕುಲಗಳಿವೆ. ಅವುಗಳ ಕೆಳಗೆ ಸುಮಾರು 900 ಬಗೆಗಳಿವೆ. 1814ರಲ್ಲಿ ನಾಲ್ಕನೆಯದು, ಎಲ್ಲದರ ಸಂಗ್ರಹ. ಲಿನೇಯಸ್ಸರ 80 ಎಲ್ಲಿ, ಈ 900 ಎಲ್ಲಿ! ನಡುವೆ ಅರುವತ್ತು ವರ್ಷವೂ ಕಳೆದಿರಲಿಲ್ಲ.

ಸಂಖ್ಯೆ ಒಂದು ಕಡೆ ಇರಲಿ. ಅವರು ವಿಂಗಡಿಸಿದ ದಾರಿಯನ್ನು ನೋಡಿ. ಅವರಿಗಿಂತ ಹಿಂದಿನವರು ಹೆಚ್ಚಾಗಿ ಹೊರಗಿನ ರೂಪ ನೋಡುತ್ತಿದ್ದರು. ಅಂಟಿದ್ದು ಒಂದು ಗುಂಪು, ಹರಡಿದ್ದು ಒಂದು, ಜೋತುಬಿದ್ದದ್ದು ಇನ್ನೊಂದು. ಅಕಾರಿಯಸ್ ಬಟ್ಟಲನ್ನು ಮುಂದಿಟ್ಟರು. ಬಟ್ಟಲು ಹೇಗಿದೆ? ಅದಕ್ಕೆ ಅಂಚು ಇದೆಯೇ? ಅಂಚು ಎಲ್ಲಿಂದ ಹುಟ್ಟಿದೆ? ಬಂಡೆಗೆ ಅಂಟಿಕೊಳ್ಳುವ ಎರಡು ಕಲ್ಲುಹೂವುಗಳನ್ನು ತೆಗೆದುಕೊಳ್ಳಿ. ದೂರದಿಂದ ಎರಡೂ ಒಂದೇ ಥರ. ಭೂತಗನ್ನಡಿ ಹಿಡಿದರೆ ಒಂದರ ಬಟ್ಟಲಿನ ಅಂಚು ಮೈಯ ಬಣ್ಣದ್ದೇ. ಮೈ ಬೂದಿಯಾದರೆ ಅಂಚೂ ಬೂದಿ, ನಡುವೆ ಮಾತ್ರ ಕಂದು. ಇನ್ನೊಂದರಲ್ಲಿ ಅಂಚು ಬಟ್ಟಲಿನ ಬಣ್ಣದ್ದು. ನಡುವೂ ಕಪ್ಪು, ಅಂಚೂ ಕಪ್ಪು. ಮೊದಲನೆಯದು ಲೆಕನೋರಾ. ಎರಡನೆಯದು ಲೆಸಿಡಿಯಾ. ಎರಡೂ ಅಕಾರಿಯಸ್ಸರ ಕುಲಗಳೇ. ಇಂದಿಗೂ ಲೈಕೆನ್ ಕಲಿಯುವ ವಿದ್ಯಾರ್ಥಿಗೆ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಈ ಅಂಚಿನ ವ್ಯತ್ಯಾಸವೂ ಒಂದು.

ಮತ್ತೊಂದು ಗುಂಪನ್ನು ಹೇಳದೆ ಮುಂದೆ ಹೋಗಲಾರೆ. ನಯವಾದ ತೊಗಟೆಯ ಮರಗಳ ಮೇಲೆ ಬಿಳಿಯ ಮಚ್ಚೆಯೊಳಗೆ ಕಪ್ಪು ಗೆರೆಗಳು ಕಾಣುತ್ತವೆ. ಮುರಿದ, ಕವಲೊಡೆದ, ಬಾಗಿದ ಗೆರೆಗಳು. ಯಾವುದೋ ತಿಳಿಯದ ಲಿಪಿಯಲ್ಲಿ ಬರೆದಂತಿರುತ್ತದೆ. ಇಲ್ಲಿ ಬಟ್ಟಲು ದುಂಡಗಿಲ್ಲ. ಉದ್ದಕ್ಕೆ ಎಳೆದುಕೊಂಡು ಗೆರೆಯಾಗಿದೆ. ಲಿನೇಯಸ್ ಇದನ್ನೂ ಲೈಕೆನ್ ಕುಲದಲ್ಲೇ ಇಟ್ಟಿದ್ದರು. ಅಕಾರಿಯಸ್ ಅದನ್ನು ಗ್ರಾಫಿಸ್ ಕುಲಕ್ಕೆ ತಂದರು. ಇದರ ಬಂಧುಗಳು ನಮ್ಮ ಕರಾವಳಿ, ಮಲೆನಾಡಿನ ಮರಗಳ ಮೇಲೆ ಧಾರಾಳವಾಗಿವೆ. ನಾಳೆ ತೋಟಕ್ಕೆ ಹೋದಾಗ ಸ್ವಲ್ಪ ಹತ್ತಿರ ನಿಂತು ನೋಡಿ.

ಸ್ವೀಡನ್ನಿನ ಸಣ್ಣ ಊರಿನಲ್ಲಿ ಕುಳಿತವರಿಗೆ ಜಗತ್ತಿನ ಕಲ್ಲುಹೂವುಗಳು ಹೇಗೆ ಸಿಕ್ಕವು? ಕಾಗದ ಪತ್ರಗಳಿಂದ, ಗೆಳೆಯರಿಂದ. ಅವರಲ್ಲಿ ಮುಖ್ಯರು ಓಲೋಫ್ ಸ್ವಾರ್ಟ್ಸ್. ಅವರು 1780ರ ದಶಕದಲ್ಲಿ ಜಮೈಕ ಮೊದಲಾದ ದ್ವೀಪಗಳಲ್ಲಿ ಸುತ್ತಿ ಸಸ್ಯಗಳನ್ನು ತಂದಿದ್ದರು. ಕಲ್ಲುಹೂವಿನ ಕೆಲಸಕ್ಕೆ ಅಕಾರಿಯಸ್ಸರನ್ನು ಹುರಿದುಂಬಿಸಿದವರೂ ಅವರೇ. ಆಫ್ರಿಕಾದ ಪಶ್ಚಿಮ ಕರಾವಳಿಗೆ ಹೋಗಿದ್ದ ಆಡಂ ಅಫ್ಜೇಲಿಯಸ್ ಇನ್ನೊಬ್ಬರು. ಇಂಗ್ಲೆಂಡಿನ ಡಾಸನ್ ಟರ್ನರ್, ವಿಲಿಯಂ ಬೋರರ್ ಮತ್ತೆ ಕೆಲವರು. ಕಲ್ಲುಹೂವಿಗೆ ಒಂದು ಅನುಕೂಲವಿದೆ. ಒಣಗಿದರೂ ಅದರ ರೂಪ ಕೆಡುವುದಿಲ್ಲ. ಕಾಗದದ ಮಡಿಕೆಯಲ್ಲಿ ಇಟ್ಟು ಅಂಚೆಗೆ ಹಾಕಬಹುದು. ಹೀಗೆ ಬಿಸಿನಾಡಿನ ಮರದ ತೊಗಟೆಯ ಚೂರುಗಳು ಹಿಮದ ನಾಡಿಗೆ ಬಂದು ಬಿದ್ದವು. ಗ್ಲೈಫಿಸ್ ಎಂಬ ಕುಲವನ್ನು ಅಕಾರಿಯಸ್ 1814ರಲ್ಲಿ ಸ್ಥಾಪಿಸಿದರು. ಅದು ಪೂರ್ತಿ ಬಿಸಿನಾಡಿನದು. ಅದರ ಒಂದು ಬಗೆ ನಮ್ಮ ದೇಶದಲ್ಲೂ ಇದೆ.

ಇಷ್ಟೆಲ್ಲ ಹೊಗಳಿದ ಮೇಲೆ ಅವರ ಕೊರತೆಯನ್ನೂ ಹೇಳುವುದು ನ್ಯಾಯ. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಅವರ ಕುಲಗಳ ಗಡಿ ಸರಿಯುತ್ತಿತ್ತು. 1803ರಲ್ಲಿ ಪಾರ್ಮೇಲಿಯಾ ಎಂದದ್ದರಲ್ಲಿ ಒಂದು ಭಾಗ 1810ರಲ್ಲಿ ಲೆಕನೋರಾ ಆಯಿತು. ಬಿಸಿಲು, ನೆರಳು, ವಯಸ್ಸಿನಿಂದ ಬಣ್ಣ ಬದಲಾದ ಕಲ್ಲುಹೂವನ್ನು ಬೇರೆ ಬಗೆ ಎಂದು ಎಣಿಸಿದ್ದೂ ಉಂಟು. ಬೀಜಾಣುಗಳನ್ನು ಆಧಾರವಾಗಿ ಹಿಡಿಯುವ ಪದ್ಧತಿ ಅವರು ಹೋದ ಮೇಲೆ ಬಂದದ್ದು. ಆದರೆ ಗಡಿ ಸರಿಸಿದ್ದು ಚಂಚಲತೆಯಿಂದಲ್ಲ ಎಂಬುದು ನನ್ನ ಎಣಿಕೆ. ಪ್ರತಿ ಸಲವೂ ಕೈಯಲ್ಲಿ ಹೊಸ ಮಾದರಿಗಳಿದ್ದವು. ಹಿಂದೆ ಬರೆದದ್ದಕ್ಕೆ ಜೋತುಬೀಳದೆ ಮಾದರಿಯ ಮಾತು ಕೇಳಿದರು.

ನಾಲ್ಕು ಗ್ರಂಥ, ನಲವತ್ತು ಕುಲ, ಒಂಬೈನೂರು ಬಗೆ, ಬಟ್ಟಲಿನ ಲಕ್ಷಣ. ವಿಂಗಡಣೆಯ ಕಥೆ ಇದು. ಇನ್ನು ಮುಂದಿನ ಸಂಗತಿ ಬಹಳ ದೊಡ್ಡದು. ಕಲ್ಲುಹೂವು ನಿಜವಾಗಿ ಏನು ಎಂಬುದು ಅಕಾರಿಯಸ್ಸರಿಗೆ ಗೊತ್ತಿರಲಿಲ್ಲ.

ಅವರು ತೀರಿಕೊಂಡು ಐವತ್ತು ವರ್ಷವಾಗುತ್ತ ಬಂದಿತ್ತು. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಒಂದು ಸಭೆಯಲ್ಲಿ ಹೊಸ ವಿಚಾರ ಮಂಡಿಸಿದರು. ಕಲ್ಲುಹೂವು ಒಂದು ಜೀವಿಯಲ್ಲ, ಎರಡು. ಒಂದು ಶಿಲೀಂಧ್ರ, ಇನ್ನೊಂದು ಪಾಚಿ. ಶಿಲೀಂಧ್ರದ ಎಳೆಗಳು ಹೆಣೆದುಕೊಂಡು ಮೈ ಕಟ್ಟುತ್ತವೆ. ಅದರೊಳಗೆ ಕುಳಿತ ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ನೀರಿನಲ್ಲಿ ನೆನೆಸಿದಾಗ ನಮಗೆ ಕಂಡ ಹಸಿರು ಈ ಪಾಚಿಯದು. ಅಂಚಿನ ಹಿಟ್ಟಿನ ಕಣದಲ್ಲೂ ಎರಡೂ ಇವೆ. ಪಾಚಿಯ ಕೆಲವು ಕೋಶಗಳು, ಸುತ್ತ ಶಿಲೀಂಧ್ರದ ಎಳೆ. ಗಾಳಿಗೆ ಹಾರಿ ಬೇರೆಡೆ ಬಿದ್ದರೆ ಅಲ್ಲಿ ಇಬ್ಬರೂ ಒಟ್ಟಿಗೆ ಬೆಳೆಯಬಹುದು.

ಲೈಕೆನ್ ಪಂಡಿತರಿಗೆ ಈ ಮಾತು ರುಚಿಸಲಿಲ್ಲ. ಆ ಕಾಲದ ಬಹು ದೊಡ್ಡ ಪಂಡಿತ, ಫಿನ್ಲೆಂಡಿನ ವಿಲಿಯಂ ನೈಲಾಂಡರ್, ಕೊನೆಯವರೆಗೂ ಇದನ್ನು ವಿರೋಧಿಸಿದರು. ಅವರೇನೂ ಸಾಮಾನ್ಯರಲ್ಲ. ಕಲ್ಲುಹೂವಿನ ಮೇಲೆ ರಾಸಾಯನಿಕದ ಹನಿ ಹಾಕಿ, ಬಣ್ಣ ತಿರುಗುವುದನ್ನು ನೋಡಿ ಬಗೆ ಗುರುತಿಸುವ ವಿಧಾನ ಅವರ ಕೊಡುಗೆ. ಆದರೆ ಸತ್ಯ ಶ್ವೆಂಡೆನರ್ ಕಡೆಗಿತ್ತು.

ಹಾಗಾದರೆ ಅಕಾರಿಯಸ್ ಇಟ್ಟ ಹೆಸರುಗಳ ಗತಿ ಏನಾಯಿತು? ಒಂದು ಹೆಸರಿನ ಹಿಂದೆ ಎರಡು ಜೀವಿ ನಿಂತರೆ ಆ ಹೆಸರು ಯಾರದು? ಅಂತರರಾಷ್ಟ್ರೀಯ ನಿಯಮ ಇದನ್ನು ಬಗೆಹರಿಸಿದೆ. ಕಲ್ಲುಹೂವಿಗೆ ಕೊಟ್ಟ ಹೆಸರು ಅದರ ಶಿಲೀಂಧ್ರದ ಹೆಸರು. ಪಾಚಿಗೆ ಅದರದೇ ಬೇರೆ ಹೆಸರು. ಈ ತೀರ್ಮಾನದಿಂದ ಅಕಾರಿಯಸ್ಸರ ಕೆಲಸ ಉಳಿಯಿತು. ಅದು ಬರೀ ಅದೃಷ್ಟವಲ್ಲ. ಅವರು ಆಧಾರವಾಗಿ ಹಿಡಿದ ಬಟ್ಟಲು ಶಿಲೀಂಧ್ರದ್ದೇ ಅಂಗ. ಶಿಲೀಂಧ್ರದ ವಂಶ ಮುಂದುವರಿಯುವ ಜಾಗ ಅದು. ಕಲ್ಲುಹೂವಿನ ಒಳಗುಟ್ಟು ತಿಳಿಯದೆಯೇ ಅವರ ಕಣ್ಣು ಸರಿಯಾದ ಅಂಗದ ಮೇಲೆ ನೆಟ್ಟಿತ್ತು.

ಹೆಸರುಗಳು ಉಳಿದವು ಎಂದೆ. ಉಳಿದ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮಸಾಲೆಗೆ ಬಳಸುವ ಕಲ್ಲುಹೂವುಗಳಲ್ಲಿ ಮುಖ್ಯವಾದ ಬಗೆಯನ್ನೇ ತೆಗೆದುಕೊಳ್ಳೋಣ. 1762ರಲ್ಲಿ ಇಂಗ್ಲೆಂಡಿನ ಹಡ್ಸನ್ ಅದನ್ನು ಲೈಕೆನ್ ಪರ್ಲೇಟಸ್ ಎಂದರು. 1803ರಲ್ಲಿ ಅಕಾರಿಯಸ್ ಅದನ್ನು ಪಾರ್ಮೇಲಿಯಾ ಪರ್ಲೇಟಾ ಮಾಡಿದರು. ಪಾರ್ಮೇಲಿಯಾ ಕುಲ ಮುಂದೆ ಬಹಳ ದೊಡ್ಡದಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಹತ್ತಾರು ಕುಲಗಳಾಗಿ ಒಡೆದರು. 1952ರಲ್ಲಿ ಫ್ರಾನ್ಸಿನ ಶ್ವಾಸಿ ನಮ್ಮ ಕಲ್ಲುಹೂವನ್ನು ಪಾರ್ಮೊಟ್ರೀಮಾ ಪರ್ಲೇಟಂ ಎಂದು ಕರೆದರು. ಇಂದಿನ ಹೆಸರು ಅದೇ. ಹೆಸರಿನ ಮುಂದೆ ಹೆಸರಿಟ್ಟವರನ್ನು ಬರೆಯುವಾಗ ಆವರಣದಲ್ಲಿ ಹಡ್ಸನ್, ಹೊರಗೆ ಶ್ವಾಸಿ. ಅಕಾರಿಯಸ್ ಇಲ್ಲ. ಆದರೆ ಆ ಕುಲ ಸೇರುವ ಕುಟುಂಬ ಪಾರ್ಮೇಲಿಯೇಸೀ. ಅದು ಅಕಾರಿಯಸ್ಸರ ಪಾರ್ಮೇಲಿಯಾದಿಂದ ಬಂದದ್ದು. ಕಲ್ಲುಹೂವುಗಳ ಬಹು ದೊಡ್ಡ ಕುಟುಂಬಗಳಲ್ಲಿ ಅದೊಂದು. ಲೆಕನೋರೇಸೀ, ರಾಮಲಿನೇಸೀ, ಪೈರೆನುಲೇಸೀ ಕುಟುಂಬಗಳೂ ಹಾಗೆಯೇ. ಇವು ಅವರು ಸ್ಥಾಪಿಸಿದ ಕುಲಗಳ ಮೇಲೆ ನಿಂತಿವೆ.

ಅವರ ಮಾದರಿಗಳೂ ಉಳಿದಿವೆ. ಐದು ಸಾವಿರಕ್ಕೂ ಹೆಚ್ಚು ಮಾದರಿಗಳ ದೊಡ್ಡ ಸಂಗ್ರಹ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿದೆ. ಇನ್ನಷ್ಟು ಉಪ್ಸಾಲದಲ್ಲಿ, ಲುಂಡ್‌ನಲ್ಲಿ, ಲಂಡನ್ನಿನಲ್ಲಿವೆ. ಅಕಾರಿಯಸ್ ಇಟ್ಟ ಹೆಸರಿನ ನಿಜವಾದ ಅರ್ಥವೇನು ಎಂಬ ಸಂಶಯ ಬಂದಾಗ ತಜ್ಞರು ಆ ಇನ್ನೂರು ವರ್ಷದ ಒಣ ಚೂರುಗಳನ್ನೇ ಮತ್ತೆ ತೆಗೆದು ನೋಡುತ್ತಾರೆ.

ಎರಡು ಜೀವಿಯ ಗುಟ್ಟು ಹೊರಬಿದ್ದ ಮೇಲೂ ಅವರ ಕುಲಗಳು ಉಳಿದವು ಎಂದು ಹೇಳಿದೆ. ಈಗ ನಮ್ಮ ದೇಶದ ಮಾತು.

ಭಾರತದಲ್ಲಿ ಈ ಕೆಲಸವನ್ನು ಬಹುವಾಗಿ ಬೆಳೆಸಿದವರು ಲಖನೌದ ಧರಣಿಧರ ಅವಸ್ಥಿ. ಲಖನೌ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. 1988ರಲ್ಲಿ ಎಲೆಯಂಥ ಮತ್ತು ಪೊದೆಯಂಥ ದೊಡ್ಡ ಕಲ್ಲುಹೂವುಗಳನ್ನು ಗುರುತಿಸುವ ಕೈಪಿಡಿ ಪ್ರಕಟಿಸಿದರು. 1991ರಲ್ಲಿ ಅಂಟಿಕೊಳ್ಳುವ ಸಣ್ಣವುಗಳ ಕೈಪಿಡಿ ಬಂತು. ಮೊದಲನೆಯದು ಭಾರತ, ನೇಪಾಳಗಳಿಗೆ ಸಲ್ಲುವಂಥದು. ಎರಡನೆಯದು ಶ್ರೀಲಂಕಾವನ್ನೂ ಸೇರಿಸಿಕೊಂಡದ್ದು. ಪಶ್ಚಿಮಘಟ್ಟದಲ್ಲಿ ಕೆಲಸ ಮಾಡುವ ನಮ್ಮ ಸಂಶೋಧಕರೂ ಆ ಕೈಪಿಡಿಗಳನ್ನೇ ಹಿಡಿದು ಹೊರಡುತ್ತಾರೆ. ಅವುಗಳನ್ನು ತೆರೆದರೆ ಥ್ಯಾಲಸ್ ಹೇಗಿದೆ, ಸೊರೀಡಿಯಂ ಇದೆಯೇ, ಅಪೊಥೀಸಿಯಂ ಅಂಚು ಯಾವ ಬಣ್ಣದ್ದು ಎಂದು ಸಾಲು ಸಾಲಾಗಿ ಪ್ರಶ್ನೆಗಳು ಬರುತ್ತವೆ. ಅವಸ್ಥಿಯವರ ಮಾದರಿಗಳ ಸಂಗ್ರಹ ಈಗ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿದೆ. ಲೈಕೆನ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಜೀವಮಾನದ ಸಾಧನೆಗೆ ಒಂದು ಪದಕ ಕೊಡುತ್ತದೆ. ಅದರ ಹೆಸರು ಅಕಾರಿಯಸ್ ಪದಕ. ಅವಸ್ಥಿಯವರಿಗೂ ಆ ಪದಕ ಸಂದಿದೆ.

ಕೊನೆಯದಾಗಿ ಇನ್ನೊಂದೇ ಹೆಸರು ಉಳಿದಿದೆ. ಥೂನ್‌ಬರ್ಗ್ ಅವರನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ತಾವು ಅಣಬೆ ಎಂದದ್ದನ್ನು ಹೂವಿನ ಸಸ್ಯ ಎಂದು ವಾದಿಸಿದ ಹುಡುಗನ ಮೇಲೆ ಅವರಿಗೆ ಮುನಿಸೇನೂ ಇದ್ದಂತಿಲ್ಲ. 1794ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಪುಟ್ಟ ಗಿಡಕ್ಕೆ ಅಕಾರಿಯಾ ಎಂದು ಹೆಸರಿಟ್ಟರು. ಆ ಕುಲದಿಂದ ಅಕಾರಿಯೇಸೀ ಎಂಬ ಕುಟುಂಬವಾಯಿತು. ಬಹುಕಾಲ ಅದು ಬಹಳ ಚಿಕ್ಕ ಕುಟುಂಬವಾಗಿತ್ತು. ಇತ್ತೀಚಿನ ದಶಕಗಳಲ್ಲಿ ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ ಇನ್ನಷ್ಟು ಮರಗಳನ್ನು ಅದಕ್ಕೆ ಸೇರಿಸಿದರು. ಅವುಗಳಲ್ಲಿ ನಮ್ಮ ಪಶ್ಚಿಮಘಟ್ಟದ ಗರುಡಫಲದ ಮರವೂ ಇದೆ. ಹೊಳೆದಂಡೆಯ ಕಾಡುಗಳಲ್ಲಿ ಬೆಳೆಯುವ ಮರ ಅದು. ಕಂದು ಬಣ್ಣದ ದುಂಡು ಕಾಯಿ, ಒಳಗೆ ಎಣ್ಣೆಯ ಬೀಜ. 1940ರ ದಶಕದಲ್ಲಿ ಹೊಸ ಔಷಧಿಗಳು ಬರುವ ತನಕ ಕುಷ್ಠರೋಗಕ್ಕೆ ಕೊಡುತ್ತಿದ್ದ ಮುಖ್ಯ ಔಷಧ ಈ ಜಾತಿಯ ಮರಗಳ ಬೀಜದ ಎಣ್ಣೆ. ಆ ಮರದ ಕುಟುಂಬದ ಹೆಸರಿನಲ್ಲಿ ಈಗ ಇರುವುದು ವಾಡ್‌ಸ್ಟೆನಾದ ವೈದ್ಯರ ಹೆಸರು.